ಯಂತ್ರದೊಳಗಿನ ಮನುಷ್ಯ

2005ರಲ್ಲಿ ಬಾಸ್ಟನ್ನಿನ ವಿಜ್ಞಾನ ಸಂಗ್ರಹಾಲಯವು ‘ಸ್ಟಾರ್ ವಾರ್ಸ್’ ಚಿತ್ರಗಳ ರೋಬೋಗಳನ್ನು ನಿಜವಾದ ತಂತ್ರಜ್ಞಾನದ ಜೊತೆಗೇ ಪ್ರದರ್ಶನಕ್ಕಿಟ್ಟಿತು. ವಿಜ್ಞಾನ ಸಂಗ್ರಹಾಲಯಕ್ಕೆ ಇದು ತಕ್ಕ ಕೆಲಸವೇ ಎಂದು ಯಾರಾದರೂ ಆಕ್ಷೇಪಿಸಿದರೆ ಆ ಮಾತಿನಲ್ಲಿ ಹುರುಳಿದೆ. 1977ರ ಮೊದಲ ಚಿತ್ರದ ಹಲವು ದೃಶ್ಯಗಳಲ್ಲಿ ಆರ್‌ಟು-ಡಿಟು ಎಂಬ ಗಿಡ್ಡ ರೋಬೋದ ಒಳಗೆ ಕೂತಿದ್ದವರು ನಟ ಕೆನ್ನಿ ಬೇಕರ್. ಸಿ-ಥ್ರೀಪಿಓ ಎಂಬ ಇನ್ನೊಂದು ರೋಬೋದ ಚಿನ್ನದ ಬಣ್ಣದ ಕವಚ ತೊಟ್ಟು ನಡೆದವರು ಆಂಥೋನಿ ಡೇನಿಯಲ್ಸ್. ಅಂದರೆ ಅದು ಯಂತ್ರವಲ್ಲ, ವೇಷ.

ಆದರೆ ಆ ವೇಷ ಕಲಿಸುವುದು ಸಣ್ಣದಲ್ಲ. ಆರ್‌ಟುಗೆ ಮುಖವಿಲ್ಲ, ಮಾತಿಲ್ಲ. ಧ್ವನಿ ವಿನ್ಯಾಸಕ ಬೆನ್ ಬರ್ಟ್ ಸಿಂಥಸೈಜರಿನ ನಾದಕ್ಕೆ ತಮ್ಮದೇ ಕಂಠದ, ಎಳೆಮಗುವಿನಂಥ ಉಲಿಗಳನ್ನು ಬೆರೆಸಿದರು. ಅಷ್ಟರಿಂದಲೇ ಅದರ ಭಯ, ಹಟ, ಸ್ನೇಹ ಪ್ರೇಕ್ಷಕರಿಗೆ ಅರ್ಥವಾದವು. ಯಂತ್ರ ನಮಗೆ ಹತ್ತಿರವಾಗಲು ಮನುಷ್ಯನಂತೆ ಕಾಣಬೇಕಿಲ್ಲ, ಅದರ ಇಂಗಿತ ತಿಳಿದರೆ ಸಾಕು. ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಬ್ಬು, ತುಟಿ ಆಡಿಸುವ ಕಿಸ್ಮೆಟ್ ರೋಬೋವನ್ನು ರೂಪಿಸಿದ ಸಿಂಥಿಯಾ ಬ್ರೆಜೀಲ್, ಬಾಲ್ಯದಲ್ಲಿ ಕಂಡ ಈ ರೋಬೋಗಳೇ ತಮಗೆ ಪ್ರೇರಣೆ ಎಂದಿದ್ದಾರೆ. ಕಲ್ಪನೆ ಮಕ್ಕಳ ದಾರಿ ತಪ್ಪಿಸೀತೆಂಬ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಒಳಗೆ ಯಾರಿದ್ದರು ಎಂದು ಅವರಿಗೆ ಸ್ಪಷ್ಟವಾಗಿ ಹೇಳಬೇಕು. ಹೇಳಿದರೆ ಮುಂದಿನ ಪ್ರಶ್ನೆಯನ್ನು ಮಗು ತಾನೇ ಕೇಳುತ್ತದೆ: ಒಳಗೆ ಯಾರೂ ಇಲ್ಲದೆ ಇದನ್ನು ನಡೆಸುವುದು ಹೇಗೆ?