ನಗಬೇಕೋ, ಬೆಚ್ಚಬೇಕೋ?



ಹಾಸ್ಯ ಧಾರಾವಾಹಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಒಂದು ನಡುಮನೆ, ಗಂಡ ಹೆಂಡಿರ ಹುಸಿ ಜಗಳ, ಆಗಾಗ ಕೇಳಿಬರುವ ನಗೆಯ ಅಲೆ. ಈ ಚೌಕಟ್ಟಿನಿಂದ ಹೊರಗೆ ನಿಂತ ಬ್ರಿಟನ್ನಿನ ಒಂದು ಕಾರ್ಯಕ್ರಮದ ಬಗ್ಗೆ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಅದರ ಹೆಸರು 'ದಿ ಲೀಗ್ ಆಫ್ ಜಂಟಲ್‌ಮೆನ್'. 1999ರ ಜನವರಿಯಲ್ಲಿ ಬಿಬಿಸಿಯ ಎರಡನೆಯ ವಾಹಿನಿಯಲ್ಲಿ ಆರಂಭವಾಗಿ 2002ರ ವರೆಗೆ ಮೂರು ಸರಣಿಗಳಾಗಿ ಬಂದಿತು. 2005ರಲ್ಲಿ ಚಲನಚಿತ್ರವಾಯಿತು. 2017ರ ಡಿಸೆಂಬರಿನಲ್ಲಿ ಮೂರು ವಿಶೇಷ ಕಂತುಗಳೊಡನೆ ಮರಳಿತು.

ಇದನ್ನು ರಚಿಸಿದವರು ಜೆರೆಮಿ ಡೈಸನ್, ಮಾರ್ಕ್ ಗ್ಯಾಟಿಸ್, ಸ್ಟೀವ್ ಪೆಂಬರ್ಟನ್ ಮತ್ತು ರೀಸ್ ಶೀರ್‌ಸ್ಮಿತ್ ಎಂಬ ನಾಲ್ವರು ಗೆಳೆಯರು. ಇವರ ರಂಗಪ್ರದರ್ಶನಕ್ಕೆ 1997ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ಪೆರಿಯೆ ಪ್ರಶಸ್ತಿ ದೊರೆಯಿತು. ಡೈಸನ್ ಮುಖ್ಯವಾಗಿ ಬರಹಗಾರ. ಊರಿನ ಬಹುಪಾಲು ಪಾತ್ರಗಳನ್ನು, ಹೆಣ್ಣು ಪಾತ್ರಗಳನ್ನೂ ಸೇರಿಸಿ, ಉಳಿದ ಮೂವರೇ ವಹಿಸುತ್ತಾರೆ.

ಊರು ಕಲ್ಪಿತ, ಹೆಸರು ರಾಯ್‌ಸ್ಟನ್ ವೇಸಿ. ಚಿತ್ರೀಕರಣ ನಡೆದದ್ದು ಡರ್ಬಿಶೈರಿನ ಹ್ಯಾಡ್‌ಫೀಲ್ಡ್‌ನಲ್ಲಿ. ಅಲ್ಲಿ ಟಬ್ಸ್ ಮತ್ತು ಎಡ್ವರ್ಡ್ ದಂಪತಿಗಳ ಅಂಗಡಿಯಿದೆ. ಅದು ಊರಿನವರಿಗೆ ಮಾತ್ರ. ತಿಳಿಯದೆ ಬಂದ ಪರಊರಿನವರು ಜೀವಸಹಿತ ಹಿಂದಿರುಗುವುದು ಅನುಮಾನ. ಡೆಂಟನ್‌ರ ಮನೆಯಲ್ಲಿ ಟವೆಲ್ಲಿನ ಬಣ್ಣಕ್ಕೂ ಒಂದು ನಿಯಮ; ಅತಿಥಿಯಾಗಿ ಬಂದ ಹುಡುಗ ಸೆರೆಯಾಳೇ ಆಗಿಬಿಡುತ್ತಾನೆ. ನಿರುದ್ಯೋಗಿಗಳಿಗೆ ತರಬೇತಿ ಕೊಡಬೇಕಾದ ಪಾಲೀನ್ ಅವರನ್ನು ದಿನವೂ ಹಂಗಿಸುತ್ತಾಳೆ. ಮುಂದೆ ಅವಳ ಕೆಲಸವೇ ಹೋಗುತ್ತದೆ. ಕಟುಕ ಹಿಲರಿ ಬ್ರಿಸ್ ಆಯ್ದ ಗಿರಾಕಿಗಳಿಗೆ ಗುಟ್ಟಾಗಿ ಮಾರುವ ಸರಕು ಏನೆಂದು ಸರಣಿ ಬಾಯಿಬಿಡುವುದಿಲ್ಲ.

ಇಂತಹ ಘೋರವನ್ನು ಜನ ಮೆಚ್ಚಿದ್ದೇಕೆ? ನಾನು ವಿಜ್ಞಾನ ಓದಿದವನು. ಪ್ರಯೋಗಶಾಲೆಯಲ್ಲಿ ಒಂದು ಅಂಶವನ್ನಷ್ಟೇ ಬದಲಿಸಿ, ಉಳಿದವನ್ನು ಇದ್ದಂತೆಯೇ ಇಟ್ಟು ಪರಿಣಾಮವನ್ನು ಗಮನಿಸುತ್ತೇವೆ. ಇಲ್ಲಿ ನಡೆದಿರುವುದೂ ಅದೇ. ಊರಿನ ಅಭಿಮಾನ, ಶುಚಿತ್ವ, ಶಿಸ್ತು ಇವೆಲ್ಲ ನಾವು ಮಕ್ಕಳಿಗೆ ಹೇಳಿಕೊಡುವ ಗುಣಗಳೇ. ಈ ಲೇಖಕರು ಒಂದೊಂದು ಪಾತ್ರದಲ್ಲಿ ಒಂದೊಂದು ಗುಣದ ಪ್ರಮಾಣವನ್ನು ಏರಿಸುತ್ತಾ ಹೋಗುತ್ತಾರೆ. ಮನುಷ್ಯ ಮಾತ್ರ ನಮ್ಮ ನೆರೆಯವನಂತೆಯೇ ಕಾಣುತ್ತಾನೆ. ನಾವು ನಗುವುದು ಆ ಪರಿಚಯದಿಂದ, ಬೆಚ್ಚುವುದೂ ಅದರಿಂದಲೇ.

ನಿರ್ಮಾಪಕನಾಗಿ ನನ್ನ ಗಮನ ಸೆಳೆದದ್ದು ಧ್ವನಿಪಥ. ಮೊದಲ ಎರಡು ಸರಣಿಗಳಲ್ಲಿ ಪ್ರೇಕ್ಷಕರ ನಗು ಕೇಳಿಸುತ್ತದೆ. ಮೂರನೆಯದರಲ್ಲಿ ಅದನ್ನು ಕೈಬಿಟ್ಟರು. ಕಂತಿಗೊಂದು ಕಥೆ, ಎಲ್ಲ ಕಥೆಗಳೂ ಬಂದು ಸೇರುವುದು ಒಂದೇ ರಸ್ತೆ ಅಪಘಾತದಲ್ಲಿ. ಇಲ್ಲಿ ನಗಬೇಕು ಎಂದು ಸೂಚಿಸುವವರು ಯಾರೂ ಇಲ್ಲ. ಆ ತೀರ್ಮಾನ ನಮ್ಮ ಪಾಲಿಗೆ ಬರುತ್ತದೆ.

ಆ ತೀರ್ಮಾನ ಹಗುರವಾದದ್ದಲ್ಲ. ಪಾಪಾ ಲಾಜರೂ ಎಂಬ ಸರ್ಕಸ್ಸಿನ ಯಜಮಾನನ ಕಪ್ಪು ಬಣ್ಣದ ಮುಖವನ್ನು ಹಲವರು ಜನಾಂಗೀಯ ಅವಹೇಳನವೆಂದು ಆಕ್ಷೇಪಿಸಿದರು. 2020ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್ ಈ ಸರಣಿಯನ್ನು ತೆಗೆದುಹಾಕಿತು. ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಬಲವುಳ್ಳವನ ಕ್ರೌರ್ಯವನ್ನು ಕಂಡು ನಗುವುದು ಬೇರೆ, ಮತ್ತೊಬ್ಬರ ಮೈಬಣ್ಣವನ್ನೋ ದೇಹವನ್ನೋ ಕಂಡು ನಗುವುದು ಬೇರೆ. ಈ ಸರಣಿಯಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ.

ಅಂಗಡಿಯ ದಂಪತಿಗಳ ದೃಶ್ಯಗಳು ಮಾತ್ರ ಇಂದಿಗೂ ಮಾಸಿಲ್ಲ. 'ನೀನು ನಮ್ಮ ಊರಿನವನಲ್ಲ' ಎಂಬ ಮಾತು ಎಷ್ಟು ಸುಲಭವಾಗಿ ನಾಲಿಗೆಗೆ ಬರುತ್ತದೆ, ಅದು ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದನ್ನು ಅಷ್ಟು ಚಿಕ್ಕದಾಗಿ ತೋರಿಸಿದ ಹಾಸ್ಯ ವಿರಳ. ಅವಕಾಶ ಸಿಕ್ಕರೆ ನೋಡಿ. ನಗು ಬಂದರೆ ನಕ್ಕುಬಿಡಿ. ಆಮೇಲೆ, ನಕ್ಕದ್ದು ಯಾರನ್ನು ಕಂಡು ಎಂದು ಒಂದು ಗಳಿಗೆ ಯೋಚಿಸಿ.