ದಾರಿ ಇದ್ದರೆ ತಾನೇ ತರಗತಿ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಣದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಫುಟ್‌ಪಾತ್ ಬಗ್ಗೆ ಮಾತನಾಡಲಿದ್ದೇನೆ. ವಿಷಯ ಬಿಟ್ಟು ಹೋದೆನೆಂದು ದಯವಿಟ್ಟು ತಿಳಿಯಬೇಡಿ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಶಿವಾಜಿನಗರದಲ್ಲಿ ನಾನು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುತ್ತಿದ್ದೆ. ಚೆನ್ನಾಗಿ ಲೆಕ್ಕ ಮಾಡುತ್ತಿದ್ದ ಹುಡುಗಿಯೊಬ್ಬಳು ನವೆಂಬರ್ ತಿಂಗಳಲ್ಲಿ ಬರುವುದನ್ನೇ ನಿಲ್ಲಿಸಿದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಆಸಕ್ತಿ ಇಲ್ಲ' ಎಂದು ಬರೆದೆ. ಒಂದು ದಿನ ಅವಳ ತಾಯಿ ಸಿಕ್ಕರು. "ಸರ್, ಈಗ ಆರು ಗಂಟೆಗೇ ಕತ್ತಲಾಗುತ್ತೆ. ಪಾಠ ಮುಗಿಯೋದು ಏಳೂವರೆಗೆ. ಆ ರಸ್ತೇಲಿ ಒಬ್ಬಳನ್ನೇ ಹೇಗೆ ಕಳಿಸ್ಲಿ?" ಎಂದರು.

ಅಂದು ಸಂಜೆ ಆ ದಾರಿಯಲ್ಲಿ ನಾನೇ ನಡೆದು ನೋಡಿದೆ. ಹತ್ತು ನಿಮಿಷದ ದಾರಿ. ಫುಟ್‌ಪಾತ್ ಮೇಲೆ ಬೈಕುಗಳ ಸಾಲು. ಚರಂಡಿಯ ಒಂದು ಚಪ್ಪಡಿ ಇರಲೇ ಇಲ್ಲ. ಬೀದಿದೀಪ ಉರಿಯುತ್ತಿತ್ತು, ಆದರೆ ಬೆಳಕೆಲ್ಲ ಮರದ ಕೊಂಬೆಗಳ ಮೇಲೆ. ಮೊಬೈಲ್ ಬೆಳಕಿನಲ್ಲಿ ಹೆಜ್ಜೆ ಇಡಬೇಕಾಯಿತು. ಮರುದಿನ ನಾನು ಬರೆದ ಮಾತನ್ನು ನಾನೇ ಹೊಡೆದುಹಾಕಿದೆ. ತರಗತಿಯನ್ನು ನಾಲ್ಕೂವರೆಗೆ ಬದಲಿಸಿದೆವು. ಅವಳು ಬಂದಳು. ಆದರೆ ಅಂಗಡಿಯಲ್ಲಿ ದುಡಿದು ಆರು ಗಂಟೆಗೆ ಬರುತ್ತಿದ್ದ ಇಬ್ಬರು ಹುಡುಗರು ತಪ್ಪಿಹೋದರು. ಒಂದು ಕೆಟ್ಟ ರಸ್ತೆ ಮೂವರಲ್ಲಿ ಯಾರನ್ನು ಕೈಬಿಡಬೇಕೆಂದು ನಮ್ಮನ್ನೇ ಕೇಳಿದಂತಿತ್ತು.

ಮಿತ್ರರೇ, ಒಂದೇ ರಸ್ತೆ ಹಗಲು ಒಂದು, ರಾತ್ರಿ ಇನ್ನೊಂದು. ಹಗಲಿನ ತೊಂದರೆ ಇಕ್ಕಟ್ಟು: ನಿಲ್ಲಿಸಿದ ವಾಹನ, ಟ್ರಾನ್ಸ್‌ಫಾರ್ಮರ್, ಮರಳು ಜಲ್ಲಿಯ ರಾಶಿ. ರಾತ್ರಿಯ ತೊಂದರೆ ಕತ್ತಲೆ ಮತ್ತು ನಿರ್ಜನತೆ. ಹಗಲಲ್ಲಿ ಕಣ್ಣಿಗೆ ಕಾಣುವ ಗುಂಡಿಯೇ ರಾತ್ರಿ ಕಾಲು ಮುರಿಯುತ್ತದೆ. ಇನ್ನೊಂದು ಮಾತು ಗಮನಿಸಿ. ಹಗಲಲ್ಲಿ ದಾರಿಗೆ ಅಡ್ಡ ಎಂದು ನಾವು ಬೈಯುವ ತಳ್ಳುಗಾಡಿಯವನ ದೀಪವೇ ರಾತ್ರಿ ನಮಗೆ ಧೈರ್ಯ. ಅವನನ್ನು ಓಡಿಸುವುದು ಪರಿಹಾರವಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಹೇಳುವಂತೆ ಅವನಿಗೊಂದು ಜಾಗ ಗುರುತಿಸಿ, ನಡೆಯುವವರಿಗೆ ದಾರಿ ಬಿಡಿಸಬೇಕು.

ದಾರಿ ಎಷ್ಟಿರಬೇಕು? ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲ ಇರಬೇಕೆಂದಿತು. ಫುಟ್‌ಪಾತಿನ ಎತ್ತರ 150 ಮಿಲಿಮೀಟರ್ ಮೀರಬಾರದೆಂದಿತು. ನಮ್ಮಲ್ಲಿ ಎಷ್ಟೋ ಕಡೆ ಅದು ಮೊಣಕಾಲೆತ್ತರ. ಗಾಲಿಕುರ್ಚಿಯವರು ಹತ್ತಲಾರರು, ವಯಸ್ಸಾದವರು ಇಳಿಯಲಾರರು.

ರಸ್ತೆ ದಾಟುವುದನ್ನೂ ಲೆಕ್ಕ ಹಾಕಿ. ಸೆಕೆಂಡಿಗೆ 1.2 ಮೀಟರ್ ನಡೆಯುವವರು 14 ಮೀಟರ್ ರಸ್ತೆಯನ್ನು ಸುಮಾರು 12 ಸೆಕೆಂಡಿನಲ್ಲಿ ದಾಟುತ್ತಾರೆ. 0.8 ಮೀಟರ್ ನಡೆಯುವ ನಿಮ್ಮ ಅಜ್ಜಿಗೆ 17 ಸೆಕೆಂಡಿಗೂ ಹೆಚ್ಚು ಬೇಕು. ಸಿಗ್ನಲ್ ಹನ್ನೆರಡಕ್ಕೇ ಬದಲಾದರೆ ಅಜ್ಜಿ ನಡುರಸ್ತೆಯಲ್ಲಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳು. ಹತ್ತಿರ ಹತ್ತಿರ ಐವರಲ್ಲಿ ಒಬ್ಬರು.

ಅಂಧರಿಗಾಗಿ ಹಾಕುವ ಉಬ್ಬುಗೆರೆಯ ಹೆಂಚುಗಳನ್ನು ನೀವು ಮೆಟ್ರೋ ನಿಲ್ದಾಣಗಳಲ್ಲಿ ನೋಡಿದ್ದೀರಿ. ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಇಂಥ ಹೆಂಚನ್ನು ರೂಪಿಸಿದರು. 1967ರಲ್ಲಿ ಮೊದಲ ಬಾರಿಗೆ ಒಕಾಯಾಮಾ ನಗರದಲ್ಲಿ, ಅಂಧರ ಶಾಲೆಯೊಂದರ ಬಳಿ ಅದನ್ನು ಹಾಸಲಾಯಿತು. ಇಂದು ಉದ್ದ ಗೆರೆ ಎಂದರೆ 'ನಡೆ', ಚುಕ್ಕಿ ಎಂದರೆ 'ನಿಲ್ಲು, ಎಚ್ಚರ'. ಅದೂ ಶುರುವಾದದ್ದು ಶಾಲೆಯ ದಾರಿಯಲ್ಲೇ ನೋಡಿ.

ನಮ್ಮಲ್ಲಿ ಆಗದು ಎನ್ನಬೇಡಿ. ಶಿವಾಜಿನಗರಕ್ಕೆ ಅಷ್ಟೇನೂ ದೂರವಿಲ್ಲದ ಚರ್ಚ್ ಸ್ಟ್ರೀಟನ್ನು ಕಲ್ಲು ಹಾಸಿ, ನಡೆಯುವವರಿಗೆ ಹೆಚ್ಚು ಜಾಗ ಕೊಟ್ಟು 2018ರಲ್ಲಿ ಹೊಸದಾಗಿ ತೆರೆದರು. 2020ರ ನವೆಂಬರಿನಿಂದ ಕೆಲ ತಿಂಗಳು ವಾರಾಂತ್ಯಗಳಲ್ಲಿ ಅಲ್ಲಿ ವಾಹನಗಳನ್ನೇ ತಡೆದಿದ್ದರು. ಪುಸ್ತಕದಂಗಡಿ, ಹೋಟೆಲುಗಳ ಆ ಬೀದಿಗೆ ಸಾಧ್ಯವಾದದ್ದು ಮಕ್ಕಳು ಪಾಠಕ್ಕೆ ಹೋಗುವ ಬೀದಿಗೆ ಏಕೆ ಬೇಡ?

ಕೇಳುವ ಹಕ್ಕು ನಿಮಗಿದೆ. 2025ರ ಮೇ 14ರಂದು ಸುಪ್ರೀಂ ಕೋರ್ಟು, ಫುಟ್‌ಪಾತ್ ಬಳಸುವ ಪಾದಚಾರಿಯ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಅಂಗವಿಕಲರಿಗೂ ಅವು ಅನುಕೂಲವಾಗಿರಬೇಕೆಂದಿತು.

ವಿದ್ಯಾರ್ಥಿಗಳೇ, ನಿಮಗೊಂದು ಮನೆಗೆಲಸ. ನಿಮ್ಮ ಶಾಲೆಯ ದಾರಿಯನ್ನು ಒಮ್ಮೆ ಮಧ್ಯಾಹ್ನ, ಒಮ್ಮೆ ರಾತ್ರಿ ಎಂಟಕ್ಕೆ ಹಿರಿಯರೊಬ್ಬರ ಜೊತೆ ನಡೆಯಿರಿ. ಟೇಪು, ನೋಟುಪುಸ್ತಕ ಕೈಯಲ್ಲಿರಲಿ. ಅಗಲ ಅಳೆಯಿರಿ, ಕಳಚಿದ ಚಪ್ಪಡಿ, ಉರಿಯದ ದೀಪದ ಕಂಬ ಬರೆದುಕೊಳ್ಳಿ. ಸಂಘದ ಹಿರಿಯರು ಅದನ್ನು ಅರ್ಜಿಯಾಗಿಸಿ ಸಂಬಂಧಪಟ್ಟ ಕಚೇರಿಗೆ ಕೊಡಲಿ, ಉತ್ತರ ಬರುವವರೆಗೂ ಬಿಡದಿರಲಿ. ನಮ್ಮ ಬೈಕುಗಳನ್ನು ಫುಟ್‌ಪಾತಿನಿಂದ ಇಳಿಸಲು ಮಾತ್ರ ಯಾವ ಅರ್ಜಿಯೂ ಬೇಕಿಲ್ಲ. ಅದು ಇಂದು ಈ ಸಭೆಯಿಂದ ಹೊರಟಾಗಲೇ ಆಗಬಹುದು.

ನಾವು ವಿದ್ಯಾರ್ಥಿವೇತನ ಕೊಡುತ್ತೇವೆ, ಪುಸ್ತಕ ಹಂಚುತ್ತೇವೆ. ಒಳ್ಳೆಯದು. ಆದರೆ ಆ ಪುಸ್ತಕ ಹಿಡಿದ ಮಗು ಕತ್ತಲಾದ ಮೇಲೂ ಹೆದರದೆ ಮನೆ ಸೇರಬೇಕು. ಮುಂದೆ ಯಾವ ಮೇಷ್ಟ್ರೂ ನನ್ನಂತೆ ಹಾಜರಿ ಪುಸ್ತಕದಲ್ಲಿ ತಪ್ಪು ಕಾರಣ ಬರೆಯದಿರಲಿ.