ವೀಸಾದ ಅವಧಿಯೂ ಸಂಸಾರದ ಆಯುಷ್ಯವೂ

(ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಕುಟುಂಬಗಳಿಗಾಗಿ ಏರ್ಪಟ್ಟ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಗಳಿಗೆ ಸಂಬಂಧ ನೋಡುವಾಗ ನಾವು ಹುಡುಗನ ಮನೆತನ, ಸಂಬಳ, ನಡತೆ, ನಮಾಝ್ ಎಲ್ಲವನ್ನೂ ವಿಚಾರಿಸುತ್ತೇವೆ. ಆತ ದುಬೈಯಲ್ಲೋ ರಿಯಾದ್‌ನಲ್ಲೋ ಇದ್ದಾನೆಂದರೆ ವಿಚಾರಣೆಯನ್ನು ಅಲ್ಲಿಗೇ ನಿಲ್ಲಿಸುವವರೂ ನಮ್ಮಲ್ಲಿದ್ದಾರೆ. ಆತನ ವಾಸ್ತವ್ಯದ ಪರವಾನಗಿ ಯಾವ ಬಗೆಯದು, ಅದರಲ್ಲಿ ಹೆಂಡತಿಗೆ ಸ್ಥಾನವಿದೆಯೇ, ಕೆಲಸ ಹೋದರೆ ಅವಳ ಗತಿಯೇನು ಎಂದು ಕೇಳುವವರು ವಿರಳ. ಇಂದು ನಾವು ಆ ಪ್ರಶ್ನೆಯನ್ನೇ ನಿಮ್ಮ ಮುಂದಿಡಲು ಬಯಸುತ್ತೇವೆ.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವನ ವಾಸ್ತವ್ಯವು ಸಾಮಾನ್ಯವಾಗಿ ಉದ್ಯೋಗಕ್ಕೆ ಅಂಟಿಕೊಂಡಿದೆ. ಹೆಂಡತಿ ಮಕ್ಕಳ ವಾಸ್ತವ್ಯ ಅವನಿಗೆ ಅಂಟಿಕೊಂಡಿದೆ. ಒಂದು ಕೊಂಡಿ ಕಳಚಿದರೆ ಸರಪಳಿಯೇ ಕಳಚುತ್ತದೆ. ಸೌದಿ ಅರೇಬಿಯವು 2017ರ ಜುಲೈಯಲ್ಲಿ ಪ್ರತಿ ಅವಲಂಬಿತನ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ಅದು ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400ಕ್ಕೆ ಮುಟ್ಟಿತು. ಹೆಂಡತಿ ಹಾಗೂ ಮೂವರು ಮಕ್ಕಳಿದ್ದರೆ ತಿಂಗಳಿಗೆ 1,600 ರಿಯಾಲ್! ಸಾಧಾರಣ ಸಂಬಳದವನು ಸಂಸಾರವನ್ನು ಊರಿಗೆ ಕಳುಹಿಸದೆ ಇನ್ನೇನು ಮಾಡಿಯಾನು?

ವೃದ್ಧಾಪ್ಯದ ವಿಷಯವಂತೂ ಇನ್ನೂ ಕಠೋರ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ 55 ವರ್ಷ ದಾಟಿದ ವಿದೇಶೀಯರಿಗೆ ಐದು ವರ್ಷಗಳ ನಿವೃತ್ತಿ ವೀಸಾ ಇದೆ. ಆದರೆ ಅದಕ್ಕೆ ಹತ್ತು ಲಕ್ಷ ದಿರ್ಹಮ್‌ನ ಆಸ್ತಿಯೋ ಅಷ್ಟೇ ಉಳಿತಾಯವೋ ದೊಡ್ಡ ಮಾಸಿಕ ಆದಾಯವೋ ಇರಬೇಕು. ಹಣವಂತ ಅಪರಿಚಿತನಿಗೆ ಅಲ್ಲಿ ವಿಶ್ರಾಂತಿಯ ಮನೆ ಸಿಗುತ್ತದೆ. ಆ ನಗರವನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದವನಿಗೆ ಸಿಗುವುದು ಮರಳುವ ಟಿಕೇಟು. ವಿಧವೆಯರಿಗೂ ವಿಚ್ಛೇದಿತೆಯರಿಗೂ ಪ್ರಾಯೋಜಕರಿಲ್ಲದೆ ಒಂದು ವರ್ಷ ಇರಲು 2018ರಲ್ಲಿ ಅಲ್ಲಿನ ಸರಕಾರ ಅವಕಾಶ ಕಲ್ಪಿಸಿತು ಎಂಬುದು ಸಣ್ಣ ಸಮಾಧಾನ.

ಇನ್ನು ನಮ್ಮ ದೇಶದ ಕಡೆಗೆ ನೋಡೋಣ. ಭಾರತವು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದ ನಮ್ಮ ಮಕ್ಕಳಿಗೂ ಭಾರತೀಯರನ್ನು ವರಿಸಿದ ವಿದೇಶೀಯರಿಗೂ ಉಳಿದಿರುವ ಮುಖ್ಯ ಆಸರೆ ಓಸಿಐ ಕಾರ್ಡು. ವಿದೇಶೀಯ ಪತ್ನಿಗೋ ಪತಿಗೋ ಅದು ಸಿಗಬೇಕಾದರೆ ವಿವಾಹ ನೋಂದಣಿಯಾಗಿರಬೇಕು ಮತ್ತು ಎರಡು ವರ್ಷ ನಿರಂತರವಾಗಿ ಬಾಳಿರಬೇಕು. ವಿಚ್ಛೇದನವಾದರೆ ಆ ಕಾರ್ಡು ರದ್ದಾಗಬಹುದು. ಆತುರದಲ್ಲಿ ತಲಾಕ್ ಉಚ್ಚರಿಸುವವನು ಇಂತಹ ಸ್ತ್ರೀಯ ಮನೆಯೊಂದಿಗೆ ಮಕ್ಕಳ ಬಳಿ ಇರುವ ಅವಳ ಹಕ್ಕನ್ನೂ ಅಪಾಯಕ್ಕೊಡ್ಡುತ್ತಾನೆಂಬುದನ್ನು ನಾವು ಮರೆಯಬಾರದು.

ಪಾಕಿಸ್ತಾನ, ಬಾಂಗ್ಲಾದೇಶಗಳ ಪೌರರಿಗೆ, ಅಷ್ಟೇ ಅಲ್ಲ, ಅವರ ಸಂತತಿಗೂ ಈ ಬಾಗಿಲು ಮುಚ್ಚಿದೆ. ಅವರಿಗಿರುವುದು ದೀರ್ಘಾವಧಿ ವೀಸಾ ಮಾತ್ರ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ನಿರಪರಾಧಿಗಳ ಹತ್ಯೆ ನಡೆಯಿತು. ಆ ಕ್ರೌರ್ಯವನ್ನು ನಾವೆಲ್ಲರೂ ಖಂಡಿಸಿದ್ದೇವೆ. ಅದರ ಬೆನ್ನಿಗೆ ಕೇಂದ್ರ ಸರಕಾರವು ಪಾಕಿಸ್ತಾನೀಯರ ವೀಸಾಗಳನ್ನು ರದ್ದುಪಡಿಸಿ, ದೀರ್ಘಾವಧಿ ವೀಸಾ ಹೊಂದಿದವರಿಗೆ ವಿನಾಯಿತಿ ನೀಡಿತು. ಒಂದು ಕಾಗದ ಇದ್ದವರು ಉಳಿದರು, ಇಲ್ಲದವರು ಗಡಿಯ ಕಡೆಗೆ ನಡೆದರು. ತಾಯಿ ಭಾರತೀಯಳು, ಮಕ್ಕಳು ಪಾಕಿಸ್ತಾನದ ಪೌರರು. ಇಂತಹ ಕುಟುಂಬದ ಸಂಕಟ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ದೇಶದ ಭದ್ರತೆ ಸರಕಾರದ ಕರ್ತವ್ಯ, ನಿಜ. ಆದರೆ ಕೊಲೆಗಾರನ ಅಪರಾಧಕ್ಕೆ ಹಾಲುಣ್ಣುವ ಮಗು ಲೆಕ್ಕ ಒಪ್ಪಿಸುವುದು ಯಾವ ನ್ಯಾಯ? ಹಳೆಯ ವಿದೇಶೀಯರ ಕಾನೂನುಗಳ ಬದಲಿಗೆ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶೀಯರ ಕಾಯ್ದೆ ಜಾರಿಗೆ ಬಂದಿದೆ. ಅದನ್ನು ಜಾರಿಗೊಳಿಸುವಾಗ ಸಂಸಾರಗಳನ್ನು ಒಡೆಯದಿರುವ ವಿವೇಕವನ್ನು ಸರಕಾರ ತೋರಬೇಕೆಂದು ನಾವು ಆಗ್ರಹಿಸುತ್ತೇವೆ.

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕಲ್ಲವೇ? ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ಯಾವುದರ ಕುರಿತಾಗಿದೆ? ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತು. ಸಾಲವನ್ನೇ ಸಾಕ್ಷಿ ಸಮೇತ ಬರೆದಿಡಲು ಕಲಿಸಿದ ಧರ್ಮದ ಅನುಯಾಯಿಗಳು ವಿವಾಹದ ದಾಖಲೆಯಲ್ಲಿ ಉದಾಸೀನರಾಗುವುದು ಎಂತಹ ವಿಪರ್ಯಾಸ! ಜಮಾಅತ್‌ನ ನಿಕಾಹ್‌ನಾಮೆ ಇದೆಯಲ್ಲ ಎನ್ನುವವರಿದ್ದಾರೆ. ಅದು ಅಗತ್ಯ, ಆದರೆ ಸಾಲದು. ವಕ್ಫ್ ಮಂಡಳಿಯ ಅಧಿಕಾರಿಗಳಿಗೆ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರ ಕೊಟ್ಟಿದ್ದ 2023ರ ಸರಕಾರಿ ಆದೇಶಕ್ಕೆ ಕರ್ನಾಟಕ ಉಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ತಡೆ ನೀಡಿತು. ಆದ್ದರಿಂದ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಣಿ ಮಾಡಿಸುವುದೇ ಸುರಕ್ಷಿತ.

ಎರಡನೆಯದಾಗಿ, ವಿದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ಅವಧಿ ಮೀರಿದರೆ ಕೇಂದ್ರ ಸರಕಾರದ ಅನುಮತಿ ಬೇಕಾಗುತ್ತದೆ. ತಂದೆಯ ಅಲಕ್ಷ್ಯದಿಂದ ಮಗು ತನ್ನ ಪೌರತ್ವಕ್ಕಾಗಿ ಅಲೆಯುವಂತಾಗಬಾರದು. ಮೂರನೆಯದಾಗಿ, ಪತ್ನಿ ಮಕ್ಕಳ ಪಾಸ್‌ಪೋರ್ಟ್, ಪ್ರಮಾಣಪತ್ರಗಳ ನಕಲುಗಳು ಪತ್ನಿಯ ಕೈಯಲ್ಲೂ ಇರಲಿ. ಗಂಡನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಕಾಗದ ಆಪತ್ತಿನಲ್ಲಿ ಅವಳಿಗೆ ಒದಗದು. ನಾಲ್ಕನೆಯದಾಗಿ, ಪರದೇಶದ ಗಳಿಕೆಯನ್ನು ಮದುವೆಯ ಆಡಂಬರದಲ್ಲಿ ಕರಗಿಸದೆ, ಮರಳಿ ಬರುವ ದಿನಕ್ಕಾಗಿ ಒಂದು ಪಾಲನ್ನು ತೆಗೆದಿಡಬೇಕು.

ಮೈಸೂರಿನಲ್ಲಿ 2017ರ ಜನವರಿಯಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯಿತು. ದೇಶದಲ್ಲಿ ಮೊದಲಿಗೆ ಇಂತಹ ಕೇಂದ್ರ ಪಡೆದ ಎರಡು ಊರುಗಳಲ್ಲಿ ನಮ್ಮದೂ ಒಂದು. ಪಾಸ್‌ಪೋರ್ಟ್ ಹೀಗೆ ಹತ್ತಿರ ಬಂದಿದೆ, ಅದರ ಹಿಂದಿನ ಕಾನೂನಿನ ತಿಳಿವಳಿಕೆ ಮಾತ್ರ ದೂರವೇ ಉಳಿದಿದೆ. ಪ್ರತಿ ಮೊಹಲ್ಲಾದ ಮಸೀದಿ ಸಮಿತಿಯು ನಿಕಾಹ್‌ಗೆ ಮುನ್ನ ವಾಸ್ತವ್ಯದ ದಾಖಲೆಗಳನ್ನು ಪರಿಶೀಲಿಸಲು ಕಾನೂನು ಬಲ್ಲ ಇಬ್ಬರನ್ನು ನೇಮಿಸಿದರೆ ಎಷ್ಟೋ ಕಣ್ಣೀರು ಉಳಿದೀತು.

ವೀಸಾಕ್ಕೆ ಕೊನೆಯ ದಿನಾಂಕವಿದೆ. ಸಂಸಾರಕ್ಕೆ ಅದೇ ಕೊನೆಯ ದಿನಾಂಕವಾಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಅಲ್ಲಾಹನು ನಮ್ಮ ಮನೆಗಳನ್ನು ಒಂದಾಗಿ ಇರಿಸಲಿ, ಆಮೀನ್.